ರಿಪೋರ್ಟಿನಲ್ಲಿ ಕಾಣದ ನೋವು

ಪುಟ್ಟಿ,

ಮೊನ್ನೆ ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕೂತವಳು ಹೋಳಿಗೆ ಬರುವ ಮೊದಲೇ ಎದ್ದು ಹೋದೆಯಲ್ಲ, ನಾನು ನೋಡಿದೆ. ಎಲೆ ಮಡಚಿದ ರೀತಿಯಲ್ಲೇ ಅವಸರ ಕಾಣುತ್ತಿತ್ತು. ನಾನು ಹಿಂದೆಯೇ ಬಂದೆ. ನೀನು ಬಚ್ಚಲಮನೆ ಪಕ್ಕದ ಕಟ್ಟೆಯ ಮೇಲೆ ಕೂತಿದ್ದೆ. ಎಡಗೈ ಹೊಕ್ಕುಳ ಕೆಳಗೆ ಸೀರೆಯ ನೆರಿಗೆಯನ್ನು ಒತ್ತಿ ಹಿಡಿದಿತ್ತು, ಬೆನ್ನು ಮುಂದಕ್ಕೆ ಬಾಗಿತ್ತು, ಉಸಿರು ಎದೆಯ ಮೇಲಷ್ಟೇ ಆಡುತ್ತಿತ್ತು. ಆ ಭಂಗಿ ನನಗೆ ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಮೂವತ್ತು ವರ್ಷ ನಾನೂ ಹಾಗೇ ಕೂತವನು.

"ಏನಿಲ್ಲ ಮಾವ, ಗ್ಯಾಸು" ಅಂದೆ. ನಾನೂ ಕೆದಕಲಿಲ್ಲ. ರಾತ್ರಿ ನಿನ್ನ ಅಮ್ಮ ಎಲ್ಲವನ್ನೂ ಹೇಳಿದಳು. ಒಂದೂವರೆ ವರ್ಷದಿಂದ ವಾರಕ್ಕೆ ಮೂರು ನಾಲ್ಕು ದಿನ ಹೊಟ್ಟೆ ನುಲಿತ, ಎರಡು ಸ್ಕ್ಯಾನು, ಒಂದು ಕೊಲೊನೋಸ್ಕೋಪಿ, ಎಲ್ಲದರಲ್ಲೂ ನಾರ್ಮಲ್. ಚೀಟಿಯ ಮೇಲೆ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಅಂತ ಮೂರಕ್ಷರ ಬರೆದು, ಟೆನ್ಷನ್ ಕಮ್ಮಿ ಮಾಡ್ಕೊಳಮ್ಮ ಅಂತ ಕಳಿಸಿದರಂತೆ. ಕೊನೆಗೆ ಅವಳು ದನಿ ತಗ್ಗಿಸಿ ಕೇಳಿದಳು: "ಅಣ್ಣಾ, ಇವಳಿಗೆ ನಿಜವಾಗ್ಲೂ ನೋವಿದೆಯಾ, ಇಲ್ಲ ಮನಸ್ಸಿಗೆ ಹಚ್ಚಿಕೊಂಡಿದಾಳಾ?"

ಇದೆ ಅಂದೆ. ನೀನು ಸುಳ್ಳು ಹೇಳುವವಳು ಅಂತ ಅವಳು ಕೇಳಿದ್ದಲ್ಲ, ಹೆದರಿ ಕೇಳಿದ್ದು. ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಆದರೆ ಅದೇ ಪ್ರಶ್ನೆಯನ್ನು ನೀನೇ ನಿನಗೆ ರಾತ್ರಿ ಹೊತ್ತು ಕೇಳಿಕೊಳ್ಳುತ್ತಿದ್ದೀಯ ಅನ್ನುವುದು ನನಗೆ ಗೊತ್ತು. ಈ ಕಾಗದ ಅದಕ್ಕಾಗಿ.

ನನ್ನ ಕಾಯಿಲೆಯೂ ನಿನ್ನದೂ ಒಂದೇ ಅಲ್ಲ. ನನ್ನದು ಅಲ್ಸರೇಟಿವ್ ಕೊಲೈಟಿಸ್, ದೊಡ್ಡ ಕರುಳಿನ ಒಳಪದರ ಊದಿ, ಕೆಂಪಾಗಿ, ಹುಣ್ಣಾಗುವ ಉರಿಯೂತ. 1994ರ ಮಳೆಗಾಲದಲ್ಲಿ ಶುರುವಾಯಿತು. ರಕ್ತ ಕಂಡಾಗ ಎಲ್ಲರಂತೆ ನಾನೂ ಮೂಲವ್ಯಾಧಿ ಅಂದುಕೊಂಡು ನಾಟಿ ಔಷಧಿ ಕುಡಿದೆ. ಆಮೇಲೆ ಆಮಶಂಕೆ ಅಂತ ಮಾತ್ರೆ ನುಂಗಿದೆ. ಎಂಟು ತಿಂಗಳು ಹೀಗೇ ಕಳೆದು, ಪ್ಯಾಂಟು ಸೊಂಟದಲ್ಲಿ ನಿಲ್ಲದಂತಾದ ಮೇಲೆ ಕರಾವಳಿಯ ಒಂದು ದೊಡ್ಡ ಆಸ್ಪತ್ರೆಗೆ ಹೋದೆ. ಕೊಳವೆ ಹಾಕಿ ನೋಡಿ ಹೆಸರು ಹೇಳಿದರು. ಸ್ಟೆರಾಯ್ಡು, ಸಲ್ಫಾಸಲಜೀನ್, ವರ್ಷಗಟ್ಟಲೆ ಮಾತ್ರೆ. ನಾಲ್ಕು ವರ್ಷದ ಮೇಲೆ ಮತ್ತೆ ಕೊಳವೆ ಹಾಕಿದಾಗ ಡಾಕ್ಟರು ಖುಷಿಯಿಂದಲೇ ಹೇಳಿದರು, "ಎಲ್ಲ ಮಾಯ್ದಿದೆ ಮೇಷ್ಟ್ರೇ, ಕರುಳು ಗುಲಾಬಿ ಬಣ್ಣಕ್ಕೆ ತಿರುಗಿದೆ."

ಆ ಸಂಜೆ ಬಸ್‌ಸ್ಟ್ಯಾಂಡಿನ ಸಿಮೆಂಟ್ ಬೆಂಚಿನ ಮೇಲೆ ಕೂತಿದ್ದೆ. ಕೈಯಲ್ಲಿ ಆ ಒಳ್ಳೆಯ ರಿಪೋರ್ಟು. ಹೊಟ್ಟೆಯಲ್ಲಿ ಹಳೆಯ ನೋವು, ಅದೇ ಜಾಗ, ಅದೇ ಬಟ್ಟೆ ಹಿಂಡಿದ ಹಾಗಿನ ಹಿಂಡುವಿಕೆ. ಸಂತೋಷಪಡಬೇಕಾದ ಹೊತ್ತಿನಲ್ಲಿ ನನಗೆ ಆದದ್ದು ನಾಚಿಕೆ. ಹುಣ್ಣಿಲ್ಲ ಅಂದಮೇಲೆ ನೋವು ಎಲ್ಲಿಂದ? ನಾನೇ ನೆಪ ಹುಡುಕುತ್ತಿದ್ದೇನೆಯೇ? ನಿನ್ನ ಅತ್ತೆ ಬಾಗಿಲಲ್ಲೇ ಕಾದಿದ್ದಳು. "ಗುಣ ಆಯ್ತು" ಅಂದೆ. ಅಲ್ಲಿಂದ ಮುಂದೆ ನಾಲ್ಕು ವರ್ಷ ನಾನು ನೋವಿನ ಸುದ್ದಿಯನ್ನೇ ಮನೆಯಲ್ಲಿ ಎತ್ತಲಿಲ್ಲ. ಅಷ್ಟು ವರ್ಷ ಸುಮ್ಮನೆ ಕಳೆದುಕೊಂಡೆ ಅಂತ ಇವತ್ತಿಗೂ ಸಂಕಟವಾಗುತ್ತದೆ. ನೀನು ಆ ದಾರಿ ಹಿಡಿಯಬಾರದು.

ಗಾಯ ಬೇರೆ, ನೋವು ಬೇರೆ. ಕೈ ಕೊಯ್ದುಕೊಂಡರೆ ನೋಯುತ್ತದೆ, ಮಾಯ್ದರೆ ನಿಲ್ಲುತ್ತದೆ ಅನ್ನುವ ಚರ್ಮದ ಲೆಕ್ಕ ಕರುಳಿಗೆ ನಡೆಯುವುದಿಲ್ಲ. ಮೊದಲ ಸಲ ಕೊಳವೆ ಹಾಕಿದಾಗ ನನಗೆ ಮಂಪರು ಕೊಡದೆಯೇ ಪರೀಕ್ಷೆ ಮಾಡಿದ್ದರು. ಪುಟ್ಟ ಚಿಮುಟದಿಂದ ಒಳಪದರದ ಚೂರು ಕಿತ್ತು ತೆಗೆದರು. ತೆಗೆದದ್ದು ನನಗೆ ತಿಳಿಯಲೇ ಇಲ್ಲ, ನರ್ಸ್ ಬಾಟಲಿ ತೋರಿಸಿದಾಗಲೇ ಗೊತ್ತಾದದ್ದು. ಆದರೆ ದಾರಿ ಕಾಣಲೆಂದು ಒಳಗೆ ಗಾಳಿ ತುಂಬಿದಾಗ ಮಂಚದ ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಂಡೆ. ಕರುಳಿನ ಸ್ವಭಾವವೇ ಹಾಗೆ. ಕತ್ತರಿಸಿದರೆ ಅದಕ್ಕೆ ಗೊತ್ತಾಗುವುದಿಲ್ಲ, ಹಿಗ್ಗಿಸಿದರೆ ಕೂಗುತ್ತದೆ.

ಎಷ್ಟು ಹಿಗ್ಗಿದರೆ ಕೂಗಬೇಕು ಅನ್ನುವುದು ಎಲ್ಲರಲ್ಲೂ ಒಂದೇ ಅಲ್ಲ. 1973ರಲ್ಲಿ ಇಂಗ್ಲೆಂಡಿನ ರಿಚಿ ಎನ್ನುವ ಸಂಶೋಧಕರು ನಿನ್ನಂಥ ತೊಂದರೆ ಇದ್ದವರ ದೊಡ್ಡ ಕರುಳಿನ ಕೆಳಭಾಗದಲ್ಲಿ ಒಂದು ಸಣ್ಣ ಬಲೂನು ಇಟ್ಟು ನಿಧಾನವಾಗಿ ಊದಿಸಿದರು. 60 ಮಿಲಿಲೀಟರಿಗೆ, ಅಂದರೆ ಅರ್ಧ ಲೋಟ ಕಾಫಿಯಷ್ಟಕ್ಕೆ, ತೊಂದರೆ ಇದ್ದವರಲ್ಲಿ ನೂರಕ್ಕೆ 55 ಮಂದಿ ನೋವು ಅಂದರು. ತೊಂದರೆ ಇಲ್ಲದವರಲ್ಲಿ ಹಾಗೆ ಅಂದವರು ನೂರಕ್ಕೆ 6 ಮಾತ್ರ. ಬಲೂನು ಅದೇ, ಗಾಳಿ ಅಷ್ಟೇ. ನಿವೃತ್ತಿಗೆ ಸ್ವಲ್ಪ ಮುಂಚೆ ಒಬ್ಬರು ತರುಣ ಡಾಕ್ಟರು ಈ ಪ್ರಯೋಗವನ್ನು ವಿವರಿಸಿದಾಗ, ವಿಜ್ಞಾನದ ಮೇಷ್ಟ್ರಾಗಿ ಇಷ್ಟು ವರ್ಷ ಇದು ನನಗೆ ತಿಳಿದಿರಲಿಲ್ಲವಲ್ಲ ಅಂತ ಅಲ್ಲೇ ಕಣ್ಣು ತುಂಬಿತು. ಆ ಬಲೂನಿನ ಜಾಗದಲ್ಲಿ ನಿನ್ನ ಮಧ್ಯಾಹ್ನದ ಊಟದ ವಾಯುವನ್ನು ಇಟ್ಟು ನೋಡು. ಪಕ್ಕದಲ್ಲಿ ಕೂತ ಗೆಳತಿಯ ಹೊಟ್ಟೆಯಲ್ಲೂ ಅಷ್ಟೇ ವಾಯು ಇರಬಹುದು. ಅವಳಿಗೆ ಅದು ಇರುವುದೇ ತಿಳಿಯದು, ನಿನಗೆ ಪಂಕ್ತಿ ಬಿಟ್ಟು ಏಳಬೇಕಾಗುತ್ತದೆ.

ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಮೈಕ್‌ಸೆಟ್ ನೋಡಿಕೊಳ್ಳುವ ಕೆಲಸ ಎಷ್ಟೋ ವರ್ಷ ನನ್ನದೇ ಆಗಿತ್ತು. ಮೈದಾನದ ಕೊನೆಯವರೆಗೂ ಕೇಳಲಿ ಅಂತ ಆಂಪ್ಲಿಫೈಯರಿನ ಕಿವಿ ಒಂದು ಸುತ್ತು ಹೆಚ್ಚು ತಿರುಗಿಸಿದರೆ ಏನಾಗುತ್ತಿತ್ತು, ನೀನೂ ಚಿಕ್ಕವಳಿದ್ದಾಗ ಕೇಳಿದ್ದೀಯ. ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡದ್ದು, ಕಾಗದ ಮಗುಚಿದ್ದು, ಮಕ್ಕಳ ಗೆಜ್ಜೆ ಪರದೆಯ ಹಿಂದೆ ಉಲಿದದ್ದು, ಎಲ್ಲವೂ ಊರಿಗೇ ಕೇಳುತ್ತಿತ್ತು. ನಿನ್ನ ಕರುಳಿನ ನರಗಳಿಗೆ ಆಗಿರುವುದು ಅದೇ. ಕರುಳು ದಿನವಿಡೀ ಹಿಂಡುತ್ತದೆ, ಸಡಿಲಿಸುತ್ತದೆ, ದೂಡುತ್ತದೆ. ಆ ಕೆಲಸದ ಸದ್ದು ಮನುಷ್ಯನಿಗೆ ಕೇಳಿಸಲೇಬಾರದು. ನಿನಗೆ ಕೇಳಿಸುತ್ತಿದೆ, ನೋವಾಗಿ ಕೇಳಿಸುತ್ತಿದೆ. ಕೊಲೊನೋಸ್ಕೋಪಿಯ ಕ್ಯಾಮೆರಾ ಗೋಡೆಯ ಬಣ್ಣ ತೋರಿಸೀತು, ನರದ ವಾಲ್ಯೂಮ್ ಎಷ್ಟಿದೆ ಅಂತ ಅದಕ್ಕೆ ಕಾಣುವುದಿಲ್ಲ. ಹಾಗಾಗಿ ನಾರ್ಮಲ್ ಅಂತ ಬಂದದ್ದು ಸುಳ್ಳೂ ಅಲ್ಲ, ನಿನ್ನ ನೋವು ಸುಳ್ಳು ಅನ್ನುವುದಕ್ಕೆ ಸಾಕ್ಷಿಯೂ ಅಲ್ಲ.

ಆ ಕಿವಿಯನ್ನು ತಿರುಗಿಸಿದ್ದು ಯಾರು? ನನ್ನಲ್ಲಿ ಉರಿಯೂತ. ನಿನ್ನಲ್ಲಿ, ನನ್ನ ಅಂದಾಜು ತಪ್ಪಿಲ್ಲದಿದ್ದರೆ, ಕಾಲೇಜಿನಿಂದ ಹಂಪಿಗೆ ಹೋದಾಗ ಹಿಡಿದ ಆ ವಾಂತಿ ಭೇದಿ. ಎರಡು ದಿನ ಡ್ರಿಪ್ ಹಾಕಿಸಿಕೊಂಡು ಬಂದಿದ್ದೆಯಲ್ಲ, ಅದಾದ ಮೇಲೆ ಹೊಟ್ಟೆ ಮೊದಲಿನಂತೆ ಆಗಲಿಲ್ಲ ಅಂತ ಅಮ್ಮ ಹೇಳಿದಳು. ಕರುಳಿಗೆ ಜೋರಾದ ಸೋಂಕು ತಗುಲಿದವರಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ, ಸೋಂಕು ಹೋದ ಮೇಲೂ ಐಬಿಎಸ್ ಉಳಿದುಕೊಳ್ಳುತ್ತದೆ. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು, ಆ ಹೊತ್ತಿಗೆ ಮನಸ್ಸಿಗೂ ಭಾರವಿದ್ದರೆ ಇನ್ನೂ ಹೆಚ್ಚು. ಆ ವರ್ಷವೇ ಅಲ್ಲವೇ ನಿಮ್ಮಪ್ಪನ ಆಪರೇಷನ್ ಆದದ್ದು?

ಉರಿಯೂತ ಬಂದರೂ ಸೋಂಕು ಬಂದರೂ ಕರುಳಿನ ಗೋಡೆಯ ಕಾವಲು ಜೀವಕೋಶಗಳು ಹಿಸ್ಟಮಿನ್‌ನಂಥ ರಾಸಾಯನಿಕಗಳನ್ನು ಸುರಿಯುತ್ತವೆ. ಪಕ್ಕದಲ್ಲೇ ಇರುವ ನರದ ತುದಿಗಳು ಅದರಲ್ಲಿ ನೆಂದು ಚುರುಕಾಗುತ್ತವೆ. ಇನ್ನೊಂದು ಸಂಗತಿ ನಿನಗೆ ಹಿಡಿಸೀತು. ಮೆಣಸಿನಕಾಯಿ ನಾಲಿಗೆಗೆ ಯಾಕೆ ಬಿಸಿಯಂತೆ ಸುಡುತ್ತದೆ ಅನ್ನುವುದನ್ನು 1997ರಲ್ಲಿ ಡೇವಿಡ್ ಜೂಲಿಯಸ್ ಅನ್ನುವ ವಿಜ್ಞಾನಿ ಬಿಡಿಸಿದರು. ನರದ ತುದಿಯಲ್ಲಿರುವ ಒಂದೇ ಬಾಗಿಲು ಮೆಣಸಿನ ಖಾರಕ್ಕೂ ತೆರೆಯುತ್ತದೆ, 43 ಡಿಗ್ರಿ ದಾಟಿದ ಬಿಸಿಗೂ ತೆರೆಯುತ್ತದೆ. 2021ರಲ್ಲಿ ಅವರಿಗೆ ನೊಬೆಲ್ ಬಂತು. ಆ ಬಾಗಿಲು ಕರುಳಿನ ನರಗಳಲ್ಲೂ ಇದೆ. ಐಬಿಎಸ್ ಇರುವವರ ಕರುಳಿನ ಚೂರುಗಳಲ್ಲಿ ಅಂಥ ಬಾಗಿಲುಳ್ಳ ನರದ ಎಳೆಗಳು ಮಿಕ್ಕವರಿಗಿಂತ ಮೂರು ಪಟ್ಟಿಗೂ ಹೆಚ್ಚು ಇದ್ದದ್ದನ್ನು 2008ರಲ್ಲಿ ಲಂಡನ್ನಿನ ಸಂಶೋಧಕರು ಎಣಿಸಿ ತೋರಿಸಿದರು. ಎಳೆಗಳು ಹೆಚ್ಚಿದಷ್ಟೂ ನೋವು ಹೆಚ್ಚು. ಆಮೇಲೆ ಅದೇ ತಂಡ ನನ್ನಂಥವರನ್ನೂ ನೋಡಿತು. ಉರಿಯೂತ ಆರಿದ್ದರೂ ನೋವು ಉಳಿದವರು. ಅವರಲ್ಲೂ ಆ ಎಳೆಗಳು ಹೆಚ್ಚೇ ಇದ್ದವು. ಕಾಯಿಲೆ ಶಾಂತವಾಗಿರುವ ಕೊಲೈಟಿಸ್ ಮತ್ತು ಅದೇ ಜಾತಿಯ ಕ್ರೋನ್ಸ್ ಕಾಯಿಲೆಯ ರೋಗಿಗಳಲ್ಲಿ ಹೆಚ್ಚುಕಮ್ಮಿ ಮೂವರಿಗೆ ಒಬ್ಬರು ಹೀಗೆ ನೋಯುತ್ತಾರೆ. ನೀನೂ ನಾನೂ ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಕಟ್ಟೆಗೆ ಬಂದು ಕೂತವರು.

ಸುದ್ದಿ ಕರುಳಿನಲ್ಲಿ ಹುಟ್ಟಿದರೂ ಅಲ್ಲೇ ನಿಲ್ಲುವುದಿಲ್ಲ. ಬೆನ್ನುಹುರಿಗೆ ಹೋಗುತ್ತದೆ. ದಿನವೂ ಒಂದೇ ದೂರು ಬಂದರೆ ಬೆನ್ನುಹುರಿಯ ಕೋಶಗಳೂ ಚುರುಕಾಗಿ, ಪಿಸುಮಾತನ್ನೂ ದೊಡ್ಡದು ಮಾಡಿ ಮೇಲಕ್ಕೆ ಕಳಿಸತೊಡಗುತ್ತವೆ. ಮಿದುಳಿನಿಂದ ಕೆಳಗೆ ಇಳಿಯುವ ಎಳೆಗಳೂ ಇವೆ. ಅವು ಬೆನ್ನುಹುರಿಯಲ್ಲೇ ದೂರನ್ನು ತಡೆದು ಸಮಾಧಾನ ಮಾಡುವಂಥವು. ನಿದ್ದೆಗೆಟ್ಟಾಗ, ಹೆದರಿದಾಗ ಆ ತಡೆ ಸಡಿಲವಾಗುತ್ತದೆ. ಅದಕ್ಕೇ ಪರೀಕ್ಷೆಯ ಹಿಂದಿನ ರಾತ್ರಿಯ ನೋವು ಭಾನುವಾರದ ನೋವಿಗಿಂತ ದೊಡ್ಡದು.

ಇಲ್ಲಿಯೇ ಜನ ಎಡವುವುದು. ಹೆದರಿದಾಗ ಹೆಚ್ಚಾಗುತ್ತದಲ್ಲ, ಹಾಗಾದರೆ ಎಲ್ಲ ಮನಸ್ಸಿನದೇ ಅಂದುಬಿಡುತ್ತಾರೆ. ನಮ್ಮ ಭಾಷೆಗೆ ಇದರ ಬಗ್ಗೆ ಎಂದೂ ಗೊಂದಲ ಇರಲಿಲ್ಲ ನೋಡು. ಮಗು ಬಿದ್ದರೆ ಕರುಳು ಚುರ್ ಅನ್ನುತ್ತದೆ, ಇನ್ನೊಬ್ಬರ ಏಳಿಗೆ ಕಂಡರೆ ಹೊಟ್ಟೆ ಉರಿಯುತ್ತದೆ, ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇವೆ. ಹೊಟ್ಟೆಗೂ ಮನಸ್ಸಿಗೂ ನಡುವೆ ಗೋಡೆ ಕಟ್ಟದ ಮಾತುಗಳು ಇವು. ಶರೀರಶಾಸ್ತ್ರವೂ ಅದನ್ನೇ ಹೇಳುತ್ತದೆ. ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ. ಮೈಯಲ್ಲಿರುವ ಸೆರೊಟೋನಿನ್‌ನಲ್ಲಿ ನೂರಕ್ಕೆ ಸುಮಾರು 90 ಪಾಲು ಅಲ್ಲೇ ತಯಾರಾಗುತ್ತದೆ. ಮಿದುಳು ಮತ್ತು ಹೊಟ್ಟೆಯನ್ನು ಜೋಡಿಸುವ ವೇಗಸ್ ನರದ ಹತ್ತು ಎಳೆಗಳಲ್ಲಿ ಸುಮಾರು ಎಂಟು ಕೆಳಗಿನ ಸುದ್ದಿಯನ್ನು ಮೇಲಕ್ಕೆ ಒಯ್ಯುವಂಥವು. ಈ ಕಾಯಿಲೆಗಳಿಗೆ ಮಾನದಂಡ ಬರೆಯುವ ರೋಮ್ ತಜ್ಞರು 2016ರಲ್ಲಿ ಹಳೆಯ ಹೆಸರನ್ನೇ ಬದಲಿಸಿ, ಇವು ಕರುಳು ಮತ್ತು ಮಿದುಳಿನ ನಡುವಿನ ಒಡನಾಟದ ತೊಂದರೆಗಳು ಅಂದರು. 33 ದೇಶಗಳಲ್ಲಿ 73,000 ಜನರನ್ನು ವಿಚಾರಿಸಿ 2021ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಹತ್ತರಲ್ಲಿ ನಾಲ್ವರಿಗೆ ಇಂಥದ್ದೊಂದು ತೊಂದರೆ ಇತ್ತು. ಆ ಮದುವೆಮನೆಯ ಪಂಕ್ತಿಯಲ್ಲಿ ನೀನೊಬ್ಬಳೇ ಇರಲಿಲ್ಲ.

ಮೈಕಿನ ಮಾತಿಗೆ ಇನ್ನೊಮ್ಮೆ ಬರುತ್ತೇನೆ. ಮೈಕನ್ನು ಸ್ಪೀಕರ್ ಪೆಟ್ಟಿಗೆಯ ಎದುರಿಗೇ ಇಟ್ಟರೆ ಕಿರ್ರೆಂದು ಕೂಗುತ್ತದಲ್ಲ, ಆಗ ಆ ಕೂಗಿಗೆ ಯಾರೂ ಮಾತಾಡಿರುವುದೇ ಬೇಡ. ಪೆಟ್ಟಿಗೆಯ ಸದ್ದು ಮೈಕಿಗೆ, ಮೈಕಿನದು ಮತ್ತೆ ಪೆಟ್ಟಿಗೆಗೆ, ಹೀಗೆ ಸುತ್ತಿ ಸುತ್ತಿ ದೊಡ್ಡದಾಗುತ್ತದೆ. ಬೆಳಿಗ್ಗೆ ಬಸ್ಸು ಹತ್ತುವಾಗ ಹೊಟ್ಟೆಯಲ್ಲಿ ಸಣ್ಣ ಗುಡುಗುಡು. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಏನು ಗತಿ ಅಂತ ಯೋಚನೆ. ಯೋಚನೆಗೆ ಎದೆ ಡವಗುಟ್ಟಿ ಕರುಳು ಬಿಗಿಯುತ್ತದೆ. ಬಿಗಿದ ಕರುಳು ನೋಯುತ್ತದೆ. ನೋವು ಕಂಡು ಹೆದರಿಕೆ ಇನ್ನಷ್ಟು. ಮೊದಲ ಗುಡುಗುಡು ಎಲ್ಲೋ ಹೋಯಿತು, ಕೂಗು ಮಾತ್ರ ಉಳಿಯಿತು. ಆಗ ಮೈಕನ್ನು ಒಡೆಯುವುದೂ ಬೇಡ, ಕಾರ್ಯಕ್ರಮ ನಿಲ್ಲಿಸುವುದೂ ಬೇಡ. ಕಿವಿಯನ್ನು ಸ್ವಲ್ಪ ಇಳಿಸುವುದು, ಮೈಕನ್ನು ಪೆಟ್ಟಿಗೆಯಿಂದ ಸ್ವಲ್ಪ ದೂರ ಎತ್ತಿಡುವುದು. ಮುಂದೆ ಬರೆಯುವುದೆಲ್ಲ ಈ ಎರಡು ಕೆಲಸದ ಬಗ್ಗೆಯೇ.

ಅದಕ್ಕೂ ಮೊದಲು ಎಚ್ಚರಿಕೆಯ ಮಾತು, ಇದರಲ್ಲಿ ಸಡಿಲ ಬಿಡಬೇಡ. ನೋವು ಹುಣ್ಣಿನ ಅಳತೆಗೋಲಲ್ಲ ಅಂದೆನಲ್ಲ, ಅದು ಎರಡೂ ಕಡೆಗೆ ಸತ್ಯ. ಕೆಲವು ವರ್ಷದ ಹಿಂದೆ ನನಗೆ ನೋವೇ ಇರಲಿಲ್ಲ, ಮಲದಲ್ಲಿ ಮಾತ್ರ ಒಂದೆರಡು ಸಲ ರಕ್ತ. ಕ್ಯಾಲ್‌ಪ್ರೊಟೆಕ್ಟಿನ್ ಅಂತ ಮಲದ ಪರೀಕ್ಷೆ ಇದೆ. ಉರಿಯೂತಕ್ಕೆ ಓಡಿಬರುವ ಬಿಳಿ ರಕ್ತಕಣಗಳ ಒಂದು ಪ್ರೋಟೀನನ್ನು ಅದು ಅಳೆಯುತ್ತದೆ. ಸಾಮಾನ್ಯವಾಗಿ 50ರ ಒಳಗಿರಬೇಕಾದದ್ದು ನನಗೆ ನೂರಾರು ಬಂತು, ಔಷಧಿ ಹೆಚ್ಚಿಸಿದರು. ಅದಕ್ಕೂ ಹಿಂದೆ ಒಮ್ಮೆ ನೋವಿನಿಂದ ಎರಡು ದಿನ ಹಾಸಿಗೆ ಬಿಟ್ಟೇಳಲಿಲ್ಲ, ಪರೀಕ್ಷೆಯಲ್ಲಿ ಏನೂ ಇಲ್ಲ, ಸ್ಟೆರಾಯ್ಡು ಬೇಡವೆಂದರು. ಆ ಸಲ ನೋವನ್ನೇ ನಂಬಿ ಸ್ಟೆರಾಯ್ಡು ನುಂಗಿದ್ದರೆ ಮೂಳೆ ಸವೆಯುತ್ತಿತ್ತು, ನೋವು ಹೋಗುತ್ತಿರಲಿಲ್ಲ. ನಿನಗೆ ಈ ಪರೀಕ್ಷೆ ಮಾಡಿಸಿದ್ದಾರೋ ಇಲ್ಲವೋ ಚೀಟಿಗಳಲ್ಲಿ ನೋಡು.

ಮುಂದೆ ಎಂದಾದರೂ ಮಲದಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಶುರುವಾದರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತಹೀನತೆ ಅಂದರೆ, ಐಬಿಎಸ್ ಅಂತ ಹೇಳಿದ್ದಾರಲ್ಲ ಅಂತ ಕೂರಬೇಡ. ತಿರುಗಿ ಡಾಕ್ಟರ ಹತ್ತಿರ ಹೋಗು. ನಮ್ಮ ಮನೆತನದಲ್ಲಿ ನನಗೆ ಕೊಲೈಟಿಸ್ ಇದೆ ಅನ್ನುವುದನ್ನೂ ಹೇಳಲೇಬೇಕು. ನಮ್ಮ ದೇಶದಲ್ಲಿ ಕರುಳಿನ ಕ್ಷಯ ಇನ್ನೂ ಇದೆ, ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗದಲ್ಲಿ ಕ್ರೋನ್ಸ್ ಕಾಯಿಲೆಯ ವೇಷ ಹಾಕಿ ಕೂರುತ್ತದೆ. ಅದನ್ನು ಬೇರ್ಪಡಿಸದೆ ಸ್ಟೆರಾಯ್ಡು ಕೊಟ್ಟರೆ ಅಪಾಯ. ಮುಟ್ಟಿನ ದಿನಗಳಲ್ಲಿ ನಿನಗೆ ನೋವು ಇಮ್ಮಡಿಸುತ್ತದೆ ಅಂತ ಅತ್ತೆ ಹೇಳಿದಳು. ಐಬಿಎಸ್‌ನಲ್ಲಿ ಅದು ಇರುವುದೇ. ಆದರೂ ಒಮ್ಮೆ ಸ್ತ್ರೀರೋಗ ತಜ್ಞರಿಗೆ ತೋರಿಸು, ಗರ್ಭಕೋಶದ ಕಡೆಯ ತೊಂದರೆಗಳೂ ಇದೇ ಜಾಗದಲ್ಲಿ ನೋಯುತ್ತವೆ. ಸಂಕೋಚ ಬೇಡ ಅಂತ ಮೇಷ್ಟ್ರಾಗಿ ಹೇಳುತ್ತಿದ್ದೇನೆ.

ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೋವಿನ ಮಾತ್ರೆ ನುಂಗುತ್ತಿದ್ದರೆ ನಿಲ್ಲಿಸು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯವು ಕರುಳಿಗೆ ಒಳ್ಳೆಯದಲ್ಲ. ಮಂಡಿನೋವಿಗೆ ಅಂತ ವಾರ ನುಂಗಿದ್ದಕ್ಕೆ ನನ್ನ ಕೊಲೈಟಿಸ್ ಮತ್ತೆ ಎದ್ದು ಕೂತಿತ್ತು. ಅಫೀಮಿನ ಕುಲದ ಬಲವಾದ ಮಾತ್ರೆಗಳಂತೂ ದಿನ ಕಳೆದಂತೆ ನರವನ್ನು ಇನ್ನೂ ಚುರುಕು ಮಾಡಿ ಹೊಟ್ಟೆನೋವನ್ನೇ ಹೆಚ್ಚಿಸಬಲ್ಲವು.

ಡಾಕ್ಟರು ಅಮಿಟ್ರಿಪ್ಟಿಲಿನ್ ಅನ್ನುವ ಮಾತ್ರೆ ಬರೆದುಕೊಟ್ಟದ್ದಕ್ಕೆ ನೀನು ಬೇಜಾರು ಮಾಡಿಕೊಂಡೆಯಂತೆ. ಗೂಗಲ್ಲಿನಲ್ಲಿ ನೋಡಿ, ಇದು ಡಿಪ್ರೆಷನ್ ಮಾತ್ರೆ, ನನ್ನನ್ನು ಹುಚ್ಚಿ ಅಂದುಕೊಂಡಿದ್ದಾರೆ ಅಂತ ಕಣ್ಣೀರು ಹಾಕಿದೆಯಂತೆ. ನಿನ್ನ ನೋವು ನನಗೆ ಅರ್ಥವಾಗುತ್ತದೆ, ಬರೆದುಕೊಟ್ಟವರು ಎರಡು ಮಾತು ಬಿಡಿಸಿ ಹೇಳಬೇಕಿತ್ತು. ಖಿನ್ನತೆಗೆ ಕೊಡುವ ಪ್ರಮಾಣ 75 ಮಿಲಿಗ್ರಾಂ, ಅದರ ಮೇಲೆ. ನಿನಗೆ ಬರೆದದ್ದು ರಾತ್ರಿಗೆ 10. ಅಷ್ಟು ಕಮ್ಮಿ ಪ್ರಮಾಣದಲ್ಲಿ ಅದು ಮಾಡುವ ಕೆಲಸ ನರದ ಚುರುಕನ್ನು ತಗ್ಗಿಸುವುದು, ಮೇಲಿನಿಂದ ಇಳಿಯುವ ಆ ತಡೆಯನ್ನು ಬಲಪಡಿಸುವುದು. ಇಂಗ್ಲೆಂಡಿನಲ್ಲಿ 463 ಐಬಿಎಸ್ ರೋಗಿಗಳಲ್ಲಿ ಅರ್ಧ ಜನಕ್ಕೆ 10ರಿಂದ 30 ಮಿಲಿಗ್ರಾಂ ಇದನ್ನೂ, ಉಳಿದವರಿಗೆ ಔಷಧಿ ಇಲ್ಲದ ಹುಸಿಮಾತ್ರೆಯನ್ನೂ ಕೊಟ್ಟು ಆರು ತಿಂಗಳು ನೋಡಿದರು. 2023ರಲ್ಲಿ ಪ್ರಕಟವಾಯಿತು. ಮಾತ್ರೆ ತೆಗೆದುಕೊಂಡವರಿಗೆ ಖಚಿತವಾಗಿ ಹೆಚ್ಚು ಆರಾಮವಾಗಿತ್ತು. ಬಾಯಿ ಒಣಗುವುದು, ಬೆಳಿಗ್ಗೆ ಮಂಕು, ಮಲಬದ್ಧತೆ ಆಗಬಹುದು. ಮೂರು ದಿನಕ್ಕೆ ಬಿಡಬೇಡ, ನಾಲ್ಕಾರು ವಾರ ಬೇಕು. ನಿನಗೆ ಹೊಂದುತ್ತದೋ ಇಲ್ಲವೋ ಹೇಳಬೇಕಾದವರು ನಿನ್ನ ಡಾಕ್ಟರು. ನಾನು ಹೇಳುವುದು ಇಷ್ಟೇ, ಆ ಚೀಟಿಯಲ್ಲಿ ನಿನಗೆ ಅವಮಾನ ಇಲ್ಲ.

ಊಟದ ವಿಚಾರ. ಗಂಜಿ, ಮೊಸರನ್ನ, ಬೇಯಿಸಿದ ಕ್ಯಾರೆಟ್ಟು, ಇಷ್ಟರಲ್ಲೇ ಎರಡು ತಿಂಗಳಿಂದ ಇದ್ದೀಯಂತೆ. ಪ್ರತಿ ನೋವಿಗೂ ಹಿಂದಿನ ಊಟದ ಒಂದು ಪದಾರ್ಥವನ್ನು ಅಪರಾಧಿ ಮಾಡಿ ಪಟ್ಟಿಯಿಂದ ಹೊಡೆದುಹಾಕುತ್ತ ಹೋದರೆ ಕೊನೆಗೆ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ. ನಾನೂ ಒಂದು ವರ್ಷ ಹಾಗೇ ಮಾಡಿ ಬಡಕಲಾಗಿದ್ದೆ. ಕರುಳಿನಲ್ಲಿ ಹೀರಿಕೆಯಾಗದೆ ಕೆಳಗಿಳಿದು ಹುದುಗಿ, ನೀರು ಸೆಳೆದು ವಾಯು ಎಬ್ಬಿಸುವ ಕೆಲವು ಸಕ್ಕರೆಗಳಿವೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ರಾಜ್ಮಾ, ಕಡಲೆ, ಹಾಲು, ಸೇಬು, ಮಾವು, ಇವುಗಳಲ್ಲಿ ಹೆಚ್ಚು. ಆಸ್ಟ್ರೇಲಿಯಾದ ಮೊನಾಷ್ ವಿಶ್ವವಿದ್ಯಾಲಯದವರು ಇವನ್ನು ಕೆಲವು ವಾರ ಬಿಟ್ಟು, ಆಮೇಲೆ ಒಂದೊಂದಾಗಿ ಮರಳಿ ತಂದು ನೋಡುವ ಪಥ್ಯ ರೂಪಿಸಿದ್ದಾರೆ. ಜನ ಬಿಡುವುದನ್ನು ಮಾಡುತ್ತಾರೆ, ಮರಳಿ ತರುವುದನ್ನು ಮರೆಯುತ್ತಾರೆ. ಎರಡನೆಯದೇ ಮುಖ್ಯ. ಆಹಾರ ತಜ್ಞರೊಬ್ಬರ ಜೊತೆ ಕೂತು ಮಾಡು. ಗಂಜಿಗೆ ಇಳಿಯುವ ಮೊದಲಿನ ನಿನ್ನ ಪಿಜಿಯ ಚಪಾತಿ, ಛೋಲೆ, ಹಸಿ ಈರುಳ್ಳಿಯ ರಾತ್ರಿಯೂಟವೇ ಅರ್ಧ ತೊಂದರೆ ಆಗಿತ್ತು ಅಂತ ನನ್ನ ಗುಮಾನಿ. ನಮ್ಮ ಅಕ್ಕಿ ಈ ವಿಚಾರದಲ್ಲಿ ಬಲು ಸಾಧು. ಬೆಳ್ಳುಳ್ಳಿಯ ಆ ಸಕ್ಕರೆ ನೀರಿಗೆ ಇಳಿಯುತ್ತದೆ, ಎಣ್ಣೆಗೆ ಇಳಿಯುವುದಿಲ್ಲ. ಹಾಗಾಗಿ ನಿನ್ನ ಅತ್ತೆ ಒಗ್ಗರಣೆ ಎಣ್ಣೆಯಲ್ಲಿ ನಾಲ್ಕು ಎಸಳು ಜಜ್ಜಿ ಹಾಕಿ, ಕೆಂಪಾದ ಮೇಲೆ ಆರಿಸಿ ತೆಗೆದು, ಆಮೇಲೆ ಸಾರಿಗೆ ಸುರಿಯುತ್ತಾಳೆ. ಘಮ ಪೂರ್ತಿ ಬರುತ್ತದೆ. ಅವರೆಕಾಳಿನ ಕಾಲದಲ್ಲಿ ನಾನು ಎರಡೇ ಸೌಟು ಹಾಕಿಸಿಕೊಳ್ಳುತ್ತೇನೆ, ಬಿಟ್ಟಿಲ್ಲ.

ಉಸಿರಾಟ ಅಂದರೆ ನಿನಗೆ ಅಜ್ಜಿಯ ಉಪದೇಶ ಅನ್ನಿಸೀತು, ಆದರೂ ಕೇಳು. ಕಟ್ಟೆಯ ಮೇಲೆ ನಿನ್ನ ಉಸಿರು ಎದೆಯಲ್ಲೇ ನಿಂತಿತ್ತು ಅಂದೆನಲ್ಲ. ಬೆನ್ನು ಕೆಳಗೆ ಮಾಡಿ ಮಲಗಿ, ಅಂಗೈಯನ್ನು ಹೊಕ್ಕುಳ ಮೇಲಿಡು. ಉಸಿರು ಎಳೆದಾಗ ಕೈ ಏಳಬೇಕು, ಬಿಡುವುದು ಎಳೆಯುವುದಕ್ಕಿಂತ ನಿಧಾನವಾಗಿರಬೇಕು. ಹತ್ತು ನಿಮಿಷ, ದಿನಕ್ಕೆ ಎರಡು ಸಲ, ನೋವಿಲ್ಲದ ದಿನವೂ. ನೋವಿಲ್ಲದ ದಿನ ಅಭ್ಯಾಸ ಮಾಡಿದ್ದರೆ ಮಾತ್ರ ನೋವಿನ ದಿನ ಅದು ಕೈಗೆ ಸಿಗುತ್ತದೆ. 1984ರಲ್ಲಿ ಮ್ಯಾಂಚೆಸ್ಟರಿನ ಪೀಟರ್ ವೊರ್ವೆಲ್ ಅನ್ನುವ ಡಾಕ್ಟರು, ಬೇರೆ ಯಾವುದಕ್ಕೂ ಬಗ್ಗದ 30 ಐಬಿಎಸ್ ರೋಗಿಗಳಲ್ಲಿ ಕೆಲವರನ್ನು ಮಂಪರಿನಂಥ ವಿಶ್ರಾಂತಿಗೆ ಇಳಿಸಿ, ಹೊಟ್ಟೆಯ ಮೇಲೆ ಕೈಯಿಡಿಸಿ, ಕರುಳು ಶಾಂತವಾಗುವುದನ್ನು ಕಲ್ಪಿಸಿಕೊಳ್ಳಲು ಕಲಿಸಿದರು. ಅವರ ನೋವು ಇಳಿಯಿತು. ಬೆಂಗಳೂರಿನಲ್ಲಿ ಇಂಥದ್ದು ಬಲ್ಲ ಮನಶ್ಶಾಸ್ತ್ರಜ್ಞರು ಸಿಕ್ಕಿದರೆ ಹೋಗಲು ಹಿಂಜರಿಯಬೇಡ. ಹೋದರೆ ನೋವು ಮನಸ್ಸಿನದು ಅಂತ ಒಪ್ಪಿಕೊಂಡ ಹಾಗಾಗುವುದಿಲ್ಲ. ಮೈಕನ್ನು ಪೆಟ್ಟಿಗೆಯಿಂದ ದೂರ ಎತ್ತಿಡುವ ಕೆಲಸ ಅದು.

ಮೊಬೈಲಿನಲ್ಲಿ ಗಂಟೆಗೊಮ್ಮೆ ನೋವಿಗೆ ಹತ್ತಕ್ಕೆ ಎಷ್ಟು ಅಂತ ಅಂಕ ಹಾಕುತ್ತೀಯಂತೆ. ಎರಡು ವಾರ ಹಾಕು, ಊಟ ನಿದ್ದೆಗಳನ್ನೂ ಬರೆ, ಡಾಕ್ಟರಿಗೆ ತೋರಿಸು, ಆಮೇಲೆ ಮುಚ್ಚಿಡು. ದಿನವಿಡೀ ಹೊಟ್ಟೆಯ ಕಡೆ ಕಿವಿಗೊಟ್ಟು ಕೂತರೆ ಸದ್ದು ಇನ್ನೂ ಸ್ಪಷ್ಟವಾಗಿ ಕೇಳುತ್ತದೆ.

ಕಾಲು ಭಾಗ ನೋವು ಇಳಿದರೂ ಬದುಕು ಅರ್ಧ ಮರಳಿ ಬರುತ್ತದೆ, ಇದು ನನ್ನ ಅನುಭವ. ಪೂರ್ತಿ ಹೋಗುವವರೆಗೆ ಎಲ್ಲವನ್ನೂ ಮುಂದೂಡಬೇಡ. ಈ ಅಕ್ಟೋಬರಿನಲ್ಲಿ ಗೆಳತಿಯರು ಹೋಗುವ ಕುದುರೆಮುಖದ ಚಾರಣಕ್ಕೆ ಹೋಗಲೋ ಬೇಡವೋ ಅನ್ನುತ್ತಿದ್ದೆಯಂತೆ. ಹೋಗು. ಬೆಳಗಿನ ಉಪಾಹಾರ ಹಗುರ ಮಾಡು, ಗೆಳತಿಯೊಬ್ಬಳಿಗೆ ಮೊದಲೇ ಹೇಳಿಟ್ಟಿರು.

ಹೇಳಿಕೊಳ್ಳುವುದರ ಬಗ್ಗೆಯೂ ಒಂದು ಮಾತು. ಗಂಡಿನ ಕಡೆಯವರ ಮುಂದೆ ಹೊಟ್ಟೆಯ ವಿಷಯ ಎತ್ತಬಾರದು ಅಂತ ಮನೆಯಲ್ಲಿ ಮಾತಾಗಿದೆ. ನನಗೆ ಅದು ಸರಿ ಕಾಣುವುದಿಲ್ಲ, ತಂಗಿಗೂ ಹೇಳಿದ್ದೇನೆ. ಜೊತೆಗೆ ಬಾಳುವವನಿಗೆ ಇದು ತಿಳಿದಿರಬೇಕು. ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದ ನಾನು ಒಂದು ರಾತ್ರಿ ತಡೆಯಲಾರದೆ ನಿನ್ನ ಅತ್ತೆಗೆ ಹೇಳಿದೆ. ಅವಳು ಏನೂ ಮಾತಾಡದೆ ಎದ್ದು ಹೋಗಿ ಬಿಸಿನೀರಿನ ಚೀಲ ತಂದು ಟವಲು ಸುತ್ತಿ ಹೊಟ್ಟೆಯ ಮೇಲಿಟ್ಟಳು. "ನಂಗೆ ಗೊತ್ತಿತ್ತು" ಅಂದಳು. ನೋವು ಅವತ್ತು ಹೋಗಲಿಲ್ಲ, ಆದರೆ ತಿಂಗಳುಗಳ ಮೇಲೆ ಅವತ್ತು ಬೆಳಗಿನವರೆಗೆ ನಿದ್ದೆ ಬಂತು.

ದೀಪಾವಳಿಗೆ ಬಾ. ಆ ಚೀಟಿಗಳನ್ನೆಲ್ಲ ತಾ, ಕೂತು ಒಟ್ಟಿಗೆ ಓದೋಣ. ಹೋಳಿಗೆಗೆ ಕಡಲೆಬೇಳೆ ಬೇಡ, ಕಾಯಿ ಹೂರಣ ಮಾಡುತ್ತೇನೆ ಅಂತ ಅತ್ತೆ ಆಗಲೇ ಹೇಳಿದ್ದಾಳೆ. ಕಣಕಕ್ಕೆ ಮೈದಾ ಬೇಕೇ ಬೇಕು, ಒಂದು ತಿಂದು ನೋಡುವೆಯಂತೆ. ಹಿತ್ತಿಲ ಕಡೆಯ ಕೋಣೆಯನ್ನು ನಿನಗೆ ಗುಡಿಸಿ ಇಟ್ಟಿದ್ದೇವೆ. ಬಚ್ಚಲಮನೆ ಅಲ್ಲಿಂದ ನಾಲ್ಕೇ ಹೆಜ್ಜೆ. ರಾತ್ರಿ ದೀಪ ಆರಿಸುವುದಿಲ್ಲ.

ನಿನ್ನ ಮಾವ